ಪಾಲೆ ಮರಕ್ಕೆ ಕಟ್ಟಿದ ನೂಲು

ಹಿರಿಯಡ್ಕ
15 ಜೂನ್ 2025

ಕಾರ್ಕಳದ ಹಾಸ್ಟೆಲೆಂಬ ಕಾರಾಗೃಹದಲ್ಲಿ ನೀಟ್ ಪರೀಕ್ಷೆಗಾಗಿ ಘೋರ ತಪಸ್ಸು ಮಾಡುತ್ತಿರುವ ಕುಮಾರಿ ಆಶ್ರಿತಾ ಅಕ್ಕನ ಪಾದಗಳಿಗೆ, ಎಂಟನೇ ಕ್ಲಾಸಿನ ಪಾಮರ ಅಕ್ಷಿತನು ಅಡ್ಡಬಿದ್ದು ಬರೆಯುವುದೇನೆಂದರೆ—

ನಿನಗಿಂತ ಮೊದಲು ಈ ಲಕೋಟೆ ಒಡೆದು ಓದುವ ವಾರ್ಡನ್ ಮೇಡಂ ಅವರಿಗೂ ನಮಸ್ಕಾರ. ಮೇಡಂ, ಇದರಲ್ಲಿ ಪ್ರೇಮ ಪ್ರಕರಣ ಯಾವುದೂ ಇಲ್ಲ. ನಾನು ಅವಳ ಸೋದರಮಾವನ ಮಗ. ನಿಮ್ಮಲ್ಲಿ ಮೊಬೈಲು ಮುಟ್ಟಿದರೆ ಮಹಾಪಾಪ, ಭಾನುವಾರದ ಐದು ನಿಮಿಷದ ಫೋನನ್ನು ಅತ್ತೆಯೇ ನುಂಗಿಬಿಡುತ್ತಾರೆ. ಹಾಗಾಗಿ ಪುರಾತನ ಕಾಲದವರಂತೆ ಕಾಗದ ಬರೆಯುತ್ತಿದ್ದೇನೆ. ನಿಶ್ಚಿಂತೆಯಿಂದ ಓದಿ, ಮುಗಿದ ಮೇಲೆ ಅಕ್ಕನಿಗೆ ಕೊಡಿ.

ಇಲ್ಲಿ ನಾವೆಲ್ಲ ಸೌಖ್ಯ. ಅಜ್ಜಿಯ ಹಲ್ಲುಸೆಟ್ಟು ಮಾತ್ರ ಎರಡು ದಿನ ನಾಪತ್ತೆಯಾಗಿ ಉಪ್ಪಿನಕಾಯಿ ಭರಣಿಯ ಹಿಂದೆ ಸಿಕ್ಕಿತು. ಅದಕ್ಕೆ ನಾನು ಕಾರಣನಲ್ಲವೆಂದು ಪ್ರಮಾಣ ಮಾಡಿದ್ದೇನೆ. ಯಾರೂ ನಂಬಲಿಲ್ಲ. ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಹೋಗಿ ಬಹಳ ಕಾಲವಾಯಿತು.

ಈಗ ಮುಖ್ಯ ವಿಷಯ. ನಮ್ಮ ಗುಡ್ಡೆ ರಸ್ತೆಯ ಕೊನೆಯ ಮನೆಯ ಕುರಿತು ನಾವಿಬ್ಬರೂ ಬೇಸಗೆ ರಜೆಯಲ್ಲಿ ಸ್ಥಾಪಿಸಿದ ತನಿಖಾ ಆಯೋಗದ ಕೆಲಸ, ನೀನು ಹಾಸ್ಟೆಲಿಗೆ ಹೋದ ಮಾತ್ರಕ್ಕೆ ನಿಂತಿಲ್ಲ. ಆಯೋಗದ ಅಧ್ಯಕ್ಷ, ಕಾರ್ಯದರ್ಶಿ, ಜವಾನ ಎಲ್ಲವೂ ಈಗ ನಾನೇ. ಗುಣವತಿ ಎಂಬ ಆ ಹೆಂಗಸು ಈ ತಿಂಗಳೂ ಗೇಟಿನಿಂದ ಹೊರಗೆ ಬಂದದ್ದನ್ನು ಕಂಡವರಿಲ್ಲ. ರಸ್ತೆ ಕಡೆಯ ಕಿಟಕಿಗಳು ಮುಚ್ಚಿಯೇ ಇವೆ. ಗುಡ್ಡೆ ಕಡೆಯ ಕಿಟಕಿಯೊಂದು ಮಾತ್ರ ಅಂಗೈಯಗಲ ತೆರೆದಿರುತ್ತದೆ.

ಮನೆಯೊಳಗೆ ಹೋಗಿಬರುವುದು ಅಂಬವ್ವ ಒಬ್ಬಳೇ. ಕೊಪ್ಪಳದ ಕಡೆಯವಳು, ಶಾಲೆಯ ಹಿಂದಿನ ಬಾಡಿಗೆ ಲೈನ್‌ಮನೆಯಲ್ಲಿರುವವಳು, ನಿನಗೆ ನೆನಪಿರಬೇಕು. ಗುಣವತಿ ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು, ಬರುವಾಗ ಎಲೆ, ಹೊಗೆಸೊಪ್ಪು, ನೂಲು, ಅಕ್ಕಿ ತರುತ್ತಾಳೆ. ಅವಳನ್ನು ಬಸ್‌ಸ್ಟ್ಯಾಂಡಿನಲ್ಲಿ ತಡೆದು ಆಯೋಗದ ಪರವಾಗಿ ವಿಚಾರಣೆ ಮಾಡಿದೆ. ಒಳಗೆ ತಲೆಬುರುಡೆ ಉಂಟಾ ಎಂದು ಕೇಳಿದೆ.

“ಏನ್ ಕೇಳ್ತಿಯೋ ತಮ್ಮಾ,” ಅಂದಳು, “ಆ ಅಕ್ಕಾರು ನಿನಗೇನ್ ಮಾಡ್ಯಾರ? ಬೀಡಿ ಕಟ್ತಾರ, ಗಂಜಿ ಕುಡೀತಾರ, ನನ್ ಕೂಡ ಎರಡು ಮಾತಾಡ್ತಾರ. ನಿಮ್ಮ ಓಣ್ಯಾಗ ಯಾರರ ಅವರನ್ನ ಮಾತಾಡ್ಸೀರೇನು?”

ಸಾಕ್ಷಿ ಆಯೋಗಕ್ಕೇ ತಿರುಗಿ ಪ್ರಶ್ನೆ ಹಾಕಿದ್ದರಿಂದ ವಿಚಾರಣೆಯನ್ನು ಮುಂದೂಡಲಾಯಿತು.

ಗುಣವತಿ ತನ್ನ ಗಂಡ ಶೀನಣ್ಣನಿಗೆ ವಿಷ ಹಾಕಿದವಳು ಎಂದು ಅಜ್ಜಿ ಮತ್ತೆ ಹೇಳಿದರು. ಅಪ್ಪ ಬಸ್ಸು ಓಡಿಸಲು ಹೋಗಿದ್ದಾಗ ಹೇಳಿದರು. ಅಪ್ಪ ಇದ್ದರೆ ಆ ಮಾತು ಎತ್ತಲಿಕ್ಕಿಲ್ಲ. ಎತ್ತಿದರೆ ಅಪ್ಪ ಊಟ ಬಿಟ್ಟು ಎದ್ದು ಹೋಗುತ್ತಾರೆ. ಇದನ್ನೂ ಆಯೋಗ ದಾಖಲಿಸಿಕೊಂಡಿದೆ.

ಹಗಲಿನಲ್ಲಿ ನನಗೆ ಹೆದರಿಕೆ ಇಲ್ಲ. ಸಂಜೆ ಟ್ಯೂಷನ್ನಿನಿಂದ ಗುಡ್ಡೆಯ ಕಾಲುದಾರಿಯಲ್ಲಿ ಬರುವಾಗ ಆ ಗೇಟಿನ ಎದುರು ಕಾಲು ತಾನಾಗಿ ಓಡುತ್ತದೆ, ಅದು ಕಾಲಿನ ದೋಷ.

ಇಂತಿ, ಆಯೋಗದ ಅಧ್ಯಕ್ಷನೂ ಜವಾನನೂ ಆದ
ಅಕ್ಷಿತ್

*

ಕಾರ್ಕಳ
29 ಜೂನ್ 2025

ಪ್ರಿಯ ಜವಾನ,

ವಾರ್ಡನ್ ಮೇಡಂ ನಿನ್ನ ಪತ್ರ ಓದಿ ನಕ್ಕರು. ಅವರು ನಕ್ಕದ್ದನ್ನು ಈ ಹಾಸ್ಟೆಲಿನಲ್ಲಿ ಯಾರೂ ಇದುವರೆಗೆ ಕಂಡಿರಲಿಲ್ಲ. ನಿನಗೆ ಪುಣ್ಯ ಬರಲಿ. ನಾನಿಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ಓದುತ್ತೇನೆ, ರಾತ್ರಿ ನನ್ನ ಕೋಣೆಯಲ್ಲಿ ಎಷ್ಟು ಜನ ಅಳುತ್ತಿದ್ದಾರೆ ಎಂದು ಕೇಳಿಸಿಕೊಳ್ಳುತ್ತಾ ಮಲಗುತ್ತೇನೆ. ಹಾಗಾಗಿ ಬರೆಯುತ್ತಿರು ಮಾರಾಯ.

ಒಂದು ವಿಷಯ. ಆ ಮನೆಯ ಬಗ್ಗೆ ನಾನು ನಿನಗೆ ಹೇಳಿದ ಕತೆಗಳಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಈಗ ನನಗೇ ಸರಿಯಾಗಿ ನೆನಪಿಲ್ಲ. ಆದರೆ ಕಂಪೌಂಡಿನ ಮೇಲಿಂದ ಇಣುಕಿದಾಗ ಕಿಟಕಿಯಲ್ಲಿ ಒಂದು ಕಣ್ಣು ಕಂಡದ್ದು ಸುಳ್ಳಲ್ಲ. ಅದು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದಿನ ಗುಡ್ಡೆಯನ್ನು ನೋಡುತ್ತಿತ್ತು. ಅದಕ್ಕೇ ಹೆಚ್ಚು ಹೆದರಿಕೆಯಾದದ್ದು.

ಕಳೆದ ಭಾನುವಾರ ಅಮ್ಮ ಕಟಪಾಡಿಯಿಂದ ಬಂದಿದ್ದಳು. ಶೀನಣ್ಣ ಸತ್ತದ್ದು ಹೇಗೆ ಎಂದು ಕೇಳಿದೆ. ಅವಳು ಟಿಫಿನ್ ಕ್ಯಾರಿಯರ್ ತೆರೆದು, ಪತ್ರೊಡೆ ತಂದಿದ್ದೇನೆ, ಬಿಸಿ ಇರುವಾಗ ತಿನ್ನು ಅಂದಳು. ಪತ್ರೊಡೆ ತಣ್ಣಗಾಗಿತ್ತು.

ನೀನು ಆ ಮನೆಯ ಹತ್ತಿರ ಹೋಗಬೇಡ ಎಂದು ಹೇಳಬೇಕು. ಆದರೆ ನಿನ್ನ ವರದಿ ಇಲ್ಲದಿದ್ದರೆ ನನಗೆ ಇಲ್ಲಿ ಹುಚ್ಚು ಹಿಡಿಯುತ್ತದೆ. ಎರಡರಲ್ಲಿ ಒಂದನ್ನು ನೀನೇ ಆರಿಸಿಕೋ.

ನಿನ್ನ,
ಆಶ್ರಿತಾ

*

ಹಿರಿಯಡ್ಕ
13 ಜುಲೈ 2025

ಪೂಜ್ಯ ಅಕ್ಕನಿಗೆ ಮತ್ತು ನಗಲು ಕಲಿತಿರುವ ವಾರ್ಡನ್ ಮೇಡಂಗೆ,

ಆಯೋಗವು ಎರಡನೆಯದನ್ನು ಆರಿಸಿಕೊಂಡಿತು. ಪರಿಣಾಮವಾಗಿ ಆಯೋಗಕ್ಕೆ ಮೂರು ದಿನ ಜ್ವರ.

ನಡೆದದ್ದು ಹೀಗೆ. ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು. ಮಟಮಟ ಮಧ್ಯಾಹ್ನ, ಭೂತ ಪ್ರೇತಗಳೆಲ್ಲ ಊಟ ಮಾಡಿ ಮಲಗುವ ಹೊತ್ತು. ಗುಣವತಿಯ ಬಾಗಿಲು ತಟ್ಟಿ ಓಡಿಬರುವುದೆಂದು ತೀರ್ಮಾನಿಸಿದೆ. ಬಾಗಿಲು ತೆರೆಯಲು ಎಷ್ಟು ಹೊತ್ತು ಬೇಕು ಎಂದು ಕರವೀರದ ಗಿಡದ ಹಿಂದೆ ನಿಂತು ಅಳೆಯುವುದು, ಅದರಿಂದ ಆಕೆ ಮನೆಯ ಯಾವ ಮೂಲೆಯಲ್ಲಿ ಇರುತ್ತಾಳೆ ಎಂದು ಕಂಡುಹಿಡಿಯುವುದು. ಬಹಳ ವೈಜ್ಞಾನಿಕ ಕ್ರಮ.

ಗೇಟು ಸದ್ದು ಮಾಡಲಿಲ್ಲ. ಮೆಟ್ಟಿಲು ಹತ್ತಿದೆ. ಒಂದು ಸಲ ತಟ್ಟಿದೆ. ಎರಡನೇ ಸಲಕ್ಕೆ ಕೈ ಎತ್ತಿದ್ದೆ, ಅಷ್ಟರಲ್ಲಿ ಬಾಗಿಲು ತೆರೆಯಿತು.

ಅಕ್ಕ, ನಡೆದು ಬಂದು ತೆರೆಯುವಷ್ಟು ಹೊತ್ತು ಆಗಲೇ ಇಲ್ಲ. ಆಕೆ ಬಾಗಿಲಿನ ಆಚೆಯೇ ಕೂತಿರಬೇಕು. ನಾನು ಮೆಟ್ಟಿಲು ಹತ್ತುವಾಗ, ನಗು ತಡೆದುಕೊಳ್ಳುವಾಗ, ಒಂದು ಹಲಗೆಯ ಆಚೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಿರಬೇಕು. ಮುಖ ಕಾಣಲಿಲ್ಲ, ಒಳಗೆ ಕತ್ತಲು. ಬಾಗಿಲು ಹಿಡಿದ ಕೈ ಮಾತ್ರ ಕಂಡಿತು. ಬೆರಳ ತುದಿಗಳು ಹೊಗೆಸೊಪ್ಪಿನಿಂದ ಕಪ್ಪಾಗಿದ್ದವು.

“ಯಾರು? ಎಂತಾಯ್ತು?” ಅಂತ ಕೇಳಿದಳು.

ಬೈಯುವ ದನಿ ಅಲ್ಲ. ಬೈದಿದ್ದರೆ ನನಗೆ ಅಭ್ಯಾಸ ಉಂಟು. ಯಾರಿಗೋ ಏನೋ ಆಗಿದೆ ಎಂದು ಗಾಬರಿ ಬಿದ್ದವರು ಕೇಳುವಂತೆ ಕೇಳಿದಳು. ನಾನು ಓಡಿದೆ. ಕರವೀರದ ಹಿಂದೆ ನಿಲ್ಲುವ ಯೋಜನೆ ರದ್ದಾಯಿತು. ಮನೆಗೆ ಬಂದು ಅಜ್ಜಿಯ ಮಂಚದ ಕೆಳಗೆ ಸೇರಿಕೊಂಡೆ. ಅಲ್ಲಿ ಅಜ್ಜಿಯ ಹಲ್ಲುಸೆಟ್ಟು ಹುಡುಕುತ್ತಿದ್ದೇನೆ ಎಂದು ಅಮ್ಮನಿಗೆ ಹೇಳಿದೆ.

ಅಂದಿನಿಂದ ಕಣ್ಣು ಮುಚ್ಚಿದರೆ ಆ ಬೆರಳುಗಳು. ಅಜ್ಜಿಯ ಪಕ್ಕ ಮಲಗುತ್ತಿದ್ದೇನೆ. ಇದು ಸಾರ್ವಜನಿಕ ಪ್ರಕಟಣೆಗಲ್ಲ.

ಬಾಗಿಲಿನ ಆಚೆ ಕೂತು ಆಕೆ ಯಾರನ್ನು ಕಾಯುತ್ತಾಳೆ ಅಕ್ಕ?

ಇಂತಿ, ಜ್ವರಪೀಡಿತ
ಅಕ್ಷಿತ್

*

ಹಿರಿಯಡ್ಕ
23 ಜುಲೈ 2025, ಸಂಜೆ

ಆಶ್ರಿತಕ್ಕ,

ಜಯಭೇರಿ. ಆಯೋಗವು ಶತ್ರುವಿನ ಮಾಟವನ್ನು ಮುರಿದಿದೆ.

ಇವತ್ತು ಟ್ಯೂಷನ್ನಿಗೆ ಚಕ್ಕರ್ ಹಾಕಿ ಗುಡ್ಡೆಯಲ್ಲಿ ಮುಳ್ಳುಪೊದೆಯ ಮರೆಗೆ ಕೂತಿದ್ದೆ. ಐದೂವರೆಯ ಹೊತ್ತಿಗೆ ಆಕೆ ಹೊರಗೆ ಬಂದಳು. ಹಿತ್ತಿಲ ಬಾಗಿಲಿನಿಂದ, ಕೊಡೆ ಇಲ್ಲದೆ, ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು. ನಾನು ಅಂದುಕೊಂಡಷ್ಟು ಎತ್ತರ ಇಲ್ಲ. ಅಮ್ಮನಷ್ಟೇ ಎತ್ತರ, ಸ್ವಲ್ಪ ಗೂನು. ಅದರಿಂದ ನನ್ನ ಹೆದರಿಕೆ ಕಮ್ಮಿಯಾಗಬೇಕಿತ್ತು, ಆಗಲಿಲ್ಲ.

ನೆಟ್ಟಗೆ ನನ್ನ ಕಡೆಗೇ ಬಂದಳು. ನಾನು ಉಸಿರು ಬಿಡಲಿಲ್ಲ. ಹತ್ತು ಹೆಜ್ಜೆ ಆಚೆ ಒಂದು ಮರದ ಹತ್ತಿರ ನಿಂತು, ಎಲೆ ಕಿತ್ತು ಮೂಸಿದಳು. ತೊಗಟೆಗೆ ಅಂಗೈ ಇಟ್ಟು ಏನೋ ಹೇಳಿದಳು. ಆಮೇಲೆ ಸೆರಗಿನಿಂದ ಬೀಡಿ ಕಟ್ಟುವ ಗುಲಾಬಿ ನೂಲಿನ ಉಂಡೆ ತೆಗೆದು ಮರಕ್ಕೆ ಸುತ್ತತೊಡಗಿದಳು. ಸುತ್ತಿದಳು, ಸುತ್ತಿದಳು, ಸುತ್ತಿದಳು. ದೂರಕ್ಕೆ ಕಾಣುವಷ್ಟು ದಪ್ಪ ಆಗುವವರೆಗೆ. ಗಂಟು ಹಾಕಿ, ಜಗ್ಗಿ ನೋಡಿ, ಹಾಗೆಯೇ ಮನೆಗೆ ಹೋದಳು. ಎಂದೂ ಹೊರಗೆ ಬಾರದವಳು ಅಮಾವಾಸ್ಯೆಯ ಮುನ್ನಾದಿನ ಬಂದು ಮರಕ್ಕೆ ನೂಲು ಕಟ್ಟಿದರೆ ಅದು ಮಾಟವಲ್ಲದೆ ಇನ್ನೆಂತ?

ಆಕೆಯ ಬಾಗಿಲು ಮುಚ್ಚುವವರೆಗೆ ನಾನು ಪೊದೆ ಬಿಟ್ಟು ಏಳಲಿಲ್ಲ. ಆದರೂ ಆಯೋಗಕ್ಕೆ ಕರ್ತವ್ಯ ಉಂಟಲ್ಲ. ನೂಲನ್ನು ಬಿಚ್ಚಿ, ಪಕ್ಕದ ಇನ್ನೊಂದು ಮರಕ್ಕೆ ಅಷ್ಟೇ ಅಚ್ಚುಕಟ್ಟಾಗಿ ಸುತ್ತಿದೆ. ಹೆಸರು ಗೊತ್ತಿಲ್ಲದ ಮರ, ಬೇಸಗೆಯಲ್ಲಿ ಕಿತ್ತಳೆಯಂಥ ಕಾಯಿ ಬಿಡುತ್ತದೆ, ದನಗಳೂ ಮೂಸುವುದಿಲ್ಲ. ಇನ್ನು ಮಂತ್ರ ಯಾರ ಮೇಲೆ ಬೀಳಬೇಕಿತ್ತೋ ಅವರ ಮೇಲೆ ಬೀಳಲಿಕ್ಕಿಲ್ಲ. ನಾಳೆ ಬೆಳಿಗ್ಗೆ ಆಕೆ ಬಂದು ನೋಡಿದಾಗ ಮುಖ ಹೇಗಾಗಬಹುದು, ಊಹಿಸು.

ಅಂದ ಹಾಗೆ ನಾಳೆ ಆಟಿ ಅಮಾವಾಸ್ಯೆ. ಬೆಳಿಗ್ಗೆ ಬರಿ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ ಎಂಬ ಶಿಕ್ಷೆ. ಈಗ ಎಲ್ಲರೂ ದೇವಸ್ಥಾನದಲ್ಲಿ ಹಂಚುವುದನ್ನು ತಂದು ಕುಡಿಯುತ್ತಾರೆ. ನಮ್ಮಲ್ಲಿ ಮಾತ್ರ ಅಪ್ಪನೇ ಬೆಳಕು ಹರಿಯುವ ಮೊದಲು ಗುಡ್ಡೆಗೆ ಹೋಗಿ ಕಲ್ಲಿನಿಂದ ಆ ಕೆತ್ತೆ ಜಜ್ಜಿ ತರಬೇಕು, ಇಲ್ಲದಿದ್ದರೆ ಅಜ್ಜಿಗೆ ಸಮಾಧಾನ ಇಲ್ಲ. ನಿನಗೆ ಹಾಸ್ಟೆಲಿನಲ್ಲಿ ಅದು ತಪ್ಪಿತಲ್ಲ, ಅದೃಷ್ಟವಂತೆ.

ನಾಳೆ ಪೋಸ್ಟ್ ಮಾಡುತ್ತೇನೆ.

ಇಂತಿ, ವಿಜಯಿಯಾದ
ಅಕ್ಷಿತ್

*

ಮಣಿಪಾಲ
25 ಜುಲೈ 2025

ಅಕ್ಕ,

ಇದರ ಜೊತೆಗೆ ಇರುವ ಕಾಗದ ಮೊನ್ನೆ ಬರೆದದ್ದು. ಹರಿದು ಹಾಕಬೇಕೆಂದುಕೊಂಡೆ. ಹರಿಯಲಿಲ್ಲ. ಮೊದಲು ಅದನ್ನು ಓದು, ಆಮೇಲೆ ಇದನ್ನು ಓದು.

ಆಸ್ಪತ್ರೆಯ ವರಾಂಡದಲ್ಲಿದ್ದೇನೆ. ಅಪ್ಪ ಒಳಗಿದ್ದಾರೆ. ಆ ಕೋಣೆಯಲ್ಲಿ ದೀಪ ಕಮ್ಮಿ ಮಾಡಿದ್ದಾರೆ, ಯಾರೂ ಜೋರಾಗಿ ಮಾತಾಡುವಂತಿಲ್ಲ, ಚಪ್ಪಲಿ ಸದ್ದು ಮಾಡುವಂತಿಲ್ಲ. ಇನ್ನೂ ಏನೂ ಹೇಳಲಿಕ್ಕೆ ಬರುವುದಿಲ್ಲ ಎಂದು ಡಾಕ್ಟರು ಅಮ್ಮನಿಗೆ ಹೇಳಿದರು.

ಆ ನೂಲು ಗುರುತು ಅಕ್ಕ. ಪಾಲೆ ಮರಕ್ಕೆ ಕಟ್ಟಿದ ಗುರುತು. ಕತ್ತಲಲ್ಲಿ ಹೋಗುವವರು ಬೇರೆ ಮರದ ಕೆತ್ತೆ ತರಬಾರದೆಂದು ಮುನ್ನಾದಿನವೇ ಮರ ನೋಡಿ ಕಟ್ಟಿಡುವುದಂತೆ. ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಗುಡ್ಡೆಯಲ್ಲಿ ಪ್ರತಿ ವರ್ಷ ನೂಲು ಇರುತ್ತದೆ, ಯಾರೋ ಪುಣ್ಯಾತ್ಮರು ಕಟ್ಟುತ್ತಾರೆ ಎಂದು ಅಪ್ಪ ಅದನ್ನೇ ನೋಡಿ ತರುತ್ತಿದ್ದರಂತೆ. ನಾನು ನೂಲು ಸುತ್ತಿದ ಮರ ಕಾಯೆರ್. ಕಾಸರಕ ಅನ್ನುತ್ತಾರಲ್ಲ, ಅದು. ವಿಷ.

ಅಪ್ಪ ಕೆತ್ತೆ ತಂದರು. ಅಮ್ಮ ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು ರಸ ಹಿಂಡಿದರು. ವಾಡಿಕೆಯಂತೆ ಕೆಂಡದಲ್ಲಿ ಕಾಸಿದ ಬಿಳಿ ಕಲ್ಲನ್ನು ಅದರಲ್ಲಿ ಹಾಕಿದಾಗ ಚುಂಯ್ ಎಂದಿತು. ನಾನು ಮೂಗು ಹಿಡಿದುಕೊಂಡು ಸತ್ತವನಂತೆ ನಟಿಸಿದೆ. ನಟಿಸಿದೆ ಅಕ್ಕ, ಅಪ್ಪನ ಎದುರಿಗೇ. ಅಪ್ಪ ನಕ್ಕರು. ಕಾರ್ಕಳದ ಮೊದಲ ಟ್ರಿಪ್ಪಿಗೆ ತಡವಾಗುತ್ತದೆಂದು ಅವರೇ ಮೊದಲು ನಿಂತುಕೊಂಡೇ ಕುಡಿದರು. ಈ ಸಲ ಕಹಿ ಜಾಸ್ತಿ ಅಂದರು. ಕಹಿ ಇದ್ದಷ್ಟು ಒಳ್ಳೆಯದು ಅಂದರು ಅಜ್ಜಿ.

ಅಮ್ಮ ಅಜ್ಜಿಗೂ ನನಗೂ ಲೋಟಕ್ಕೆ ಹಾಕುವಾಗ ಯಾರೋ ಬಾಗಿಲು ಬಡಿದರು. ಅಮ್ಮ ಕಿಟಕಿಯಿಂದ ನೋಡಿ ಹಿಂದೆ ಸರಿದರು. ಹೊರಗೆ ಗುಣವತಿ. ಕೂದಲೆಲ್ಲ ಬಿಚ್ಚಿ ಹೋಗಿ ನೀರು ಸುರಿಯುತ್ತಿತ್ತು. ರಸ್ತೆಯ ಮೇಲಿನ ಮನೆಗಳ ಬಾಗಿಲನ್ನೆಲ್ಲ ಬಡಿದು, ಯಾರೂ ತೆರೆಯದೆ, ನಮ್ಮಲ್ಲಿಗೆ ಬಂದಿದ್ದಳು. ಬೆಳಕು ಬಿಟ್ಟಾಗ ತನ್ನ ಕಿಟಕಿಯಿಂದ ಅವಳಿಗೆ ಕೆತ್ತೆ ಹೋದ ಮರ ಕಂಡಿತ್ತು, ಕೆತ್ತಿದವರು ಯಾರೆಂದು ಗೊತ್ತಿರಲಿಲ್ಲ.

“ತೆಗೀಬೇಡ,” ಅಂದರು ಅಪ್ಪ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ವಿಷ ಆಗಿನ್ನೂ ಏರಿರಲಿಲ್ಲ. ಅದು ಬೇರೆ ಏನೋ.

ಹೊರಗಿನಿಂದ ಅವಳು ಹೇಳುತ್ತಿದ್ದಳು, ಕುಡೀಬೇಡಿ, ಅದು ಪಾಲೆ ಅಲ್ಲ, ಕಾಯೆರ್, ನೂಲು ಕಟ್ಟಿದ್ದು ನಾನು, ಯಾರೋ ಬದಲಿಸಿದ್ದಾರೆ. ಅಜ್ಜಿ ಲೋಟ ಕೈಗೆ ತೆಗೆದುಕೊಂಡರು.

“ವಿಷ ಹಾಕಿದವಳು ಈಗ ವಿಷದ ಮಾತಾಡ್ಲಿಕ್ಕೆ ಬಂದಿದ್ದಾಳೆ,” ಅಂದರು. “ಅಮಾಸೆ ದಿನ ಅವಳ ಮುಖ ನೋಡ್ಬೇಡ. ಕುಡಿ ಮಗ.”

ಆಗ ನನಗೆ ಗೊತ್ತಾಯಿತು. ಎಲ್ಲವೂ ಒಟ್ಟಿಗೆ. ನಾನು ಸುಮ್ಮನಿದ್ದರೆ ಎಲ್ಲರೂ ಅವಳದ್ದೇ ಕೆಲಸ ಅನ್ನುತ್ತಾರೆ ಎಂದೂ ಗೊತ್ತಾಯಿತು. ಅಷ್ಟನ್ನು ಯೋಚಿಸಲು ನನಗೆ ಪುರುಸೊತ್ತು ಸಿಕ್ಕಿತು ಅಕ್ಕ. ಒಂದು ಉಸಿರಿನಷ್ಟೇ. ಆದರೆ ಸಿಕ್ಕಿತು, ನಾನು ಅದನ್ನು ಬಳಸಿಕೊಂಡೆ. ಅಜ್ಜಿಯ ಲೋಟ ತುಟಿಗೆ ಹೋದಾಗ ಕೈ ತಾನಾಗಿ ಹೋಗಿ ಅದನ್ನು ಬೀಳಿಸಿತು. ಓಡಿಹೋಗಿ ಬಾಗಿಲು ತೆರೆದೆ.

“ನಾನು ಬದಲಿಸಿದ್ದು,” ಅಂದೆ.

ಯಾರೂ ನಂಬಲಿಲ್ಲ. “ಇವತ್ತೂ ನಿನ್ನ ಮಂಗಾಟವಾ?” ಎಂದು ಅಮ್ಮ ಹೊಡೆಯಲು ಕೈ ಎತ್ತಿದರು. ದೇವರಾಣೆ ಅಂದೆ. ಹಲ್ಲುಸೆಟ್ಟಿನ ದಿನವೂ ದೇವರಾಣೆ ಅಂದಿದ್ದೆ. ಅಳುತ್ತಾ ಮರ ಎಲ್ಲಿದೆ, ಗಂಟು ಹೇಗೆ ಹಾಕಿದೆ ಎಂದೆಲ್ಲ ಹೇಳಿದೆ. ನಾನು ಅಳುವುದನ್ನೂ ಮೊದಲೇ ಎಷ್ಟೋ ಸಲ ನಟಿಸಿ ತೋರಿಸಿದ್ದೆನಲ್ಲ.

ಅಪ್ಪ ನನ್ನ ಹೆಸರು ಕರೆಯಲು ನೋಡಿದರು. ಬಾಯಿ ತೆರೆಯಲಿಲ್ಲ. ದವಡೆ ಕಚ್ಚಿಕೊಂಡಿತ್ತು. ಅವರ ಕೈಯಿಂದ ಬಸ್ಸಿನ ಕೀ ಗೊಂಚಲು ಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಇಡೀ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿತು. ಅಮ್ಮ ಕಿರುಚಿದರು. ಕಿರುಚಿದ್ದಕ್ಕೆ ಇನ್ನಷ್ಟು ಬಾಗಿತು.

ಅವಳು ಒಳಗೆ ಬಂದಳು. ಅಜ್ಜಿಯನ್ನು ದಾಟಿಕೊಂಡು ಬಂದು ಅಪ್ಪನನ್ನು ನೆಲಕ್ಕೆ ಮಲಗಿಸಿದಳು.

“ಯಾರೂ ಕಿರುಚ್ಬೇಡಿ. ಸದ್ದು ತಾಗಿದ್ರೆ ಎಳೀತದೆ. ಲೈಟ್ ಆರ್ಸಿ. ಮೆಲ್ಲ ಹೋಗಿ ಕಾರು ತನ್ನಿ.”

ಅದನ್ನು ಅವಳು ಪಿಸುಮಾತಿನಲ್ಲಿ ಹೇಳಿದಳು. ಎಲ್ಲರಿಗೂ ಕೇಳಿಸಿತು.

ಪಕ್ಕದ ಮನೆಯ ರೋಹಿತಣ್ಣ ಕಾರು ತಂದರು. ಹಿಂದಿನ ಸೀಟಿನಲ್ಲಿ ಅಪ್ಪನ ತಲೆ ಅವಳ ಮಡಿಲಲ್ಲಿ. ಎರಡೂ ಅಂಗೈಯಿಂದ ಅಪ್ಪನ ಕಿವಿ ಮುಚ್ಚಿ ಹಿಡಿದಿದ್ದಳು, ಮಣಿಪಾಲದವರೆಗೂ ಬಿಡಲಿಲ್ಲ. ಪರ್ಕಳದಲ್ಲಿ ಲಾರಿ ಅಡ್ಡ ಬಂತು. ರೋಹಿತಣ್ಣ ಹಾರ್ನಿಗೆ ಕೈ ಇಟ್ಟರು, ಅವಳು ಬೇಡ ಎಂದು ತಲೆಯಾಡಿಸಿದಳು. ನಾನು ಕಾರಿನಿಂದ ಇಳಿದು ಮಳೆಯಲ್ಲಿ ಲಾರಿಯ ಎದುರು ಓಡಿ ಕೈ ಮುಗಿದೆ. ಡ್ರೈವರು ಬದಿಗೆ ತೆಗೆದ.

ಈಗ ಆ ಬೆರಳುಗಳನ್ನು ಹತ್ತಿರದಿಂದ ನೋಡಿದ್ದೇನೆ. ಕಪ್ಪು ಹಾಗೆಯೇ ಇದೆ.

ಪೊಲೀಸರು ಬಂದು ಕೇಳಿದರು. ಅಜ್ಜಿ ಅವಳ ಹೆಸರು ಹೇಳಿದ್ದರು. ನಾನು ನನ್ನ ಹೆಸರು ಹೇಳಿದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. ಇನ್ನೊಮ್ಮೆ ಹೇಳಿದೆ.

ಗುಣವತಿ ಎಲ್ಲಿ ಹೋದಳೆಂದು ಯಾರಿಗೂ ಗೊತ್ತಿಲ್ಲ. ಸ್ಟ್ರೆಚರ್ ಒಳಗೆ ಹೋದ ಮೇಲೆ ಅವಳನ್ನು ಯಾರೂ ನೋಡಿಲ್ಲ. ಬಸ್ಸಿಗೆ ಅವಳ ಹತ್ತಿರ ದುಡ್ಡು ಇತ್ತೋ ಇಲ್ಲವೋ.

ಅಪ್ಪ ಸತ್ತರೆ ನಾನು ಏನು ಮಾಡುವುದು? ಇದಕ್ಕೆ ಉತ್ತರ ಬರೆ. ತಮಾಷೆ ಮಾಡಬೇಡ.

ಅಕ್ಷಿತ್

*

ಕಾರ್ಕಳ
3 ಆಗಸ್ಟ್ 2025

ಅಕ್ಷಿ,

ಮಾವ ಗಂಜಿ ಕುಡಿದರೆಂದು ಅಮ್ಮ ಇವತ್ತು ಬಂದು ಹೇಳಿದಳು. ಉಸಿರಾಟದ ಯಂತ್ರ ತೆಗೆದ ದಿನವೇ ಫೋನ್ ಮಾಡಿದ್ದಳು. ವಾರ್ಡನ್ ಮೇಡಂ ಕ್ಲಾಸಿನ ಮಧ್ಯದಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋಗಿ ಮಾತಾಡಿಸಿದರು. ನಿನ್ನ ಎರಡು ಕಾಗದಗಳನ್ನೂ ಅವರು ಓದಿದ್ದರು. ಅವತ್ತು ರಾತ್ರಿ ನನ್ನ ಊಟದ ತಟ್ಟೆ ತಾವೇ ತಂದರು.

ನಿನ್ನ ಪ್ರಶ್ನೆಗೆ ಉತ್ತರ ಬರೆಯಬೇಕಾಗಿ ಬರಲಿಲ್ಲ. ಬರೆಯಲು ಕೂತಿದ್ದೆ. ಖಾಲಿ ಹಾಳೆ ಇನ್ನೂ ಪುಸ್ತಕದೊಳಗೆ ಇದೆ.

ಇವತ್ತು ಅಮ್ಮನನ್ನು ಬಿಡಲಿಲ್ಲ. ಶೀನಣ್ಣನ ವಿಷಯ ಹೇಳದೆ ಹೋಗಬಾರದು ಅಂದೆ. ಹೇಳಿದಳು. ನಿನಗೆ ಒಂದು ವರ್ಷ ಆಗಿದ್ದಾಗ, ಇದೇ ಆಟಿ ಅಮಾವಾಸ್ಯೆಗೆ, ಶೀನಣ್ಣ ಕತ್ತಲಲ್ಲಿ ತಪ್ಪಿ ಕಾಯೆರ್ ಕೆತ್ತೆ ತಂದದ್ದಂತೆ. ಆ ವರ್ಷ ಯಾರೂ ಗುರುತು ಕಟ್ಟಿರಲಿಲ್ಲ. ಅರೆದು ಕೊಟ್ಟದ್ದು ಗುಣವತಿ ಮಾಮಿ. ಗಂಡಸರು ಮೊದಲು ಕುಡಿಯುವುದಲ್ಲವಾ, ಹಾಗೆ ಶೀನಣ್ಣ ಕುಡಿದರು, ಮಾಮಿ ಉಳಿದರು. ಕೈಯಿಂದ ಅರೆದು ಕೊಟ್ಟವಳು ಉಳಿದಳು ಅನ್ನುವುದೇ ಜನರಿಗೆ ಸಾಕಾಯಿತು.

ಆಮೇಲೆ ನನ್ನ ಮುಖ ನೋಡದೆ ಹೇಳಿದಳು, ಶೀನಣ್ಣನಿಗೆ ಮೈ ಎಳೆಯುವಾಗ ಮಾಮಿ ಗಾಡಿಗಾಗಿ ರಸ್ತೆಯ ಎಲ್ಲ ಮನೆಗಳ ಬಾಗಿಲು ಬಡಿದಿದ್ದಳು ಅಂತ. ಇನ್ನೂ ಕತ್ತಲಿತ್ತು. ಆಟಿ ಅಮಾವಾಸ್ಯೆಯ ಕತ್ತಲಲ್ಲಿ ಹೊರಗಿನಿಂದ ಯಾರು ಕರೆದರೂ ಓಗೊಡಬಾರದು ಎಂಬ ಹೆದರಿಕೆ. ಯಾರೂ ತೆರೆಯಲಿಲ್ಲ. ಆಗ ಆ ರಸ್ತೆಯಲ್ಲಿ ಗಾಡಿ ಇದ್ದದ್ದು ಒಂದೇ ಮನೆಯಲ್ಲಿ, ಒಂದು ಹಳೆಯ ಓಮ್ನಿ.

ಯಾರ ಮನೆಯಲ್ಲಿ ಎಂದು ನಾನು ಕೇಳಲಿಲ್ಲ. ನೀನೂ ಕೇಳಬೇಡ. ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ನಿನ್ನ ಮೊದಲ ವರ್ಷದ ಹುಟ್ಟುಹಬ್ಬದ ಫೋಟೋ ಉಂಟು, ನಾವೆಲ್ಲ ಅಂಗಳದಲ್ಲಿ ನಿಂತಿರುವುದು. ಅದನ್ನೂ ಈಗ ತೆಗೆದು ನೋಡಬೇಡ.

ನೀನು ಬಾಗಿಲು ತೆರೆದೆಯಲ್ಲ. ಅಷ್ಟನ್ನು ನಾನು ನೆನಪಿಟ್ಟುಕೊಳ್ಳುತ್ತೇನೆ.

ನಿನ್ನ,
ಆಶ್ರಿತಾ

*

ಹಿರಿಯಡ್ಕ
17 ಆಗಸ್ಟ್ 2025

ಪ್ರೀತಿಯ ಅಕ್ಕ,

ಫೋಟೋ ನೋಡಿದೆ. ನಮ್ಮೆಲ್ಲರ ಹಿಂದೆ ಓಮ್ನಿ ನಿಂತಿದೆ. ನೀನು ಬೇಡ ಅಂದದ್ದನ್ನು ಮಾಡದೆ ಇರುವುದು ನನಗೆ ಇನ್ನೂ ಕಲಿಯಲಾಗಿಲ್ಲ.

ಅಪ್ಪ ಮನೆಗೆ ಬಂದು ವಾರ ಕಳೆಯಿತು. ಗೋಡೆ ಹಿಡಿದು ನಡೆಯುತ್ತಾರೆ, ಕಾಲು ನಡುಗುತ್ತದೆ. ಬಸ್ಸಿಗೆ ಹೋಗಲು ಇನ್ನೂ ತಿಂಗಳು ಬೇಕಂತೆ. ಕುಕ್ಕರಿನ ಸೀಟಿಗೆ ಬೆಚ್ಚಿಬೀಳುತ್ತಾರೆಂದು ಅಮ್ಮ ಅನ್ನವನ್ನು ಪಾತ್ರೆಯಲ್ಲಿ ಬೇಯಿಸುತ್ತಾರೆ. ನನಗೆ ಒಂದು ಮಾತು ಬೈದಿಲ್ಲ ಅಪ್ಪ. ಬೈಯಲಿ ಎಂದು ಅವರ ಎದುರಿಗೇ ಓಡಾಡುತ್ತೇನೆ. ನನ್ನನ್ನು ನೋಡುತ್ತಾರೆ, ಆಮೇಲೆ ಬಾಗಿಲ ಕಡೆ ನೋಡುತ್ತಾರೆ. ಅದಕ್ಕಿಂತ ಬೆತ್ತವೇ ವಾಸಿ. ಅವರೊಬ್ಬರೇ ಇರುವಾಗ ನಾನು ಆ ಕೋಣೆಗೆ ಹೋಗಲು ಹೆದರುತ್ತೇನೆ.

ಊರಿನವರೆಲ್ಲ ಬಂದು ನೋಡಿಕೊಂಡು ಹೋದರು. ಶೀನಣ್ಣನಿಗೂ ಹೀಗೇ ಆದದ್ದು ಪಾಪ ಎಂದು ಎಲ್ಲರೂ ಈಗ ಮೊದಲೇ ಗೊತ್ತಿದ್ದವರಂತೆ ಹೇಳುತ್ತಾರೆ. ಆ ಮಾತು ಬಂದರೆ ಅಜ್ಜಿ ಎದ್ದು ಒಳಗೆ ಹೋಗುತ್ತಾರೆ. ಗುಣವತಿ ಮಾಮಿಯ ಮನೆಗೆ ನಾನೂ ಅಮ್ಮನೂ ಹೋಗಿದ್ದೆವು. ಬಾಗಿಲು ಕೂಡಲೇ ತೆರೆದರು, ಅವತ್ತಿನಂತೆಯೇ. ಅಪ್ಪ ಹೇಗಿದ್ದಾರೆ ಎಂದು ಕೇಳಿದರು, ನಡೆಯುತ್ತಾರೆ ಎಂದದ್ದಕ್ಕೆ ಸರಿ ಅಂದರು. ಅಮ್ಮ ತಂದಿದ್ದ ಹಣ್ಣು ತೆಗೆದುಕೊಳ್ಳಲಿಲ್ಲ. ನಾನು ಕ್ಷಮಿಸಿ ಅಂದಾಗ ನನ್ನ ತಲೆಯನ್ನೂ ಮುಟ್ಟಲಿಲ್ಲ, ಬೈಯಲೂ ಇಲ್ಲ. ಮುಂದಿನ ವರ್ಷ ನೂಲು ಮುಟ್ಟಬೇಡ ಅಂದರು, ಅಷ್ಟೆ. ಅಮ್ಮ ದಾರಿಯುದ್ದಕ್ಕೂ ಅತ್ತರು.

ಇವತ್ತು ಮಧ್ಯಾಹ್ನ ನಡೆದದ್ದನ್ನು ಹೇಳಲು ಕೂತಿದ್ದೇನೆ.

ಮಳೆ ಹೊಡೆಯುತ್ತಿತ್ತು. ಯಾರೋ ಬಾಗಿಲು ತಟ್ಟಿದರು. ಅಮ್ಮ ಒಲೆಯ ಮುಂದಿದ್ದರು, ನಾನು ಏಳುವಷ್ಟರಲ್ಲಿ ಅಪ್ಪ ಎದ್ದಿದ್ದರು. ಕುರ್ಚಿ, ಮೇಜು, ಗೋಡೆ ಹಿಡಿದುಕೊಂಡು, ಬೀಳುತ್ತಾರೇನೋ ಅನ್ನುವಂತೆ ಹೋಗಿ ಅವರೇ ತೆರೆದರು. ಗುಣವತಿ ಮಾಮಿ ನಿಂತಿದ್ದರು. ಈ ಸಲ ಕೊಡೆ ಇತ್ತು. ಅವರ ತಾರಸಿಯ ನೀರು ಹೋಗುವ ಪೈಪಿಗೆ ಎಲೆ ಕಟ್ಟಿಕೊಂಡಿದೆಯಂತೆ, ನೀರು ನಿಂತು ಒಳಗೆ ಸೋರುತ್ತಿದೆಯಂತೆ. ತನಗೆ ಏಣಿ ಹತ್ತಲಿಕ್ಕೆ ಆಗುವುದಿಲ್ಲ, ಹುಡುಗನನ್ನು ಕಳಿಸಬಹುದಾ ಎಂದು ಕೇಳಿದರು.

ಅವರು ಈ ರಸ್ತೆಯಲ್ಲಿ ಯಾರನ್ನಾದರೂ ಏನಾದರೂ ಕೇಳಿದ್ದು ಆ ವರ್ಷದ ನಂತರ ಇದೇ ಮೊದಲಿರಬೇಕು.

“ಅಕ್ಕ, ಒಳಗೆ ಬನ್ನಿ,” ಅಂದರು ಅಪ್ಪ.

“ಬೇಡ. ಇಲ್ಲೇ ನಿಲ್ತೇನೆ.”

ನಾನು ಅಂಗಿ ಬಿಚ್ಚಿ ಹೊರಡಲು ತಯಾರಾದೆ. ಅಪ್ಪ ದಾರಿ ಬಿಡಲಿಲ್ಲ. ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಕಾಲು ಎಷ್ಟು ನಡುಗುತ್ತಿತ್ತೆಂದರೆ ಲುಂಗಿಯ ಅಂಚು ಅಲ್ಲಾಡುತ್ತಿತ್ತು. ಕುರ್ಚಿ ತಂದೆ. ಅವರು ಕೂರಲಿಲ್ಲ.

“ಅವತ್ತು ನಾನು ಎಚ್ಚರ ಇದ್ದೆ,” ಅಂದರು.

ಮಾಮಿ ಕೊಡೆಯ ಕೆಳಗಿನಿಂದ ಅಪ್ಪನನ್ನು ನೋಡಿದರು.

“ಗೊತ್ತುಂಟು,” ಅಂದರು. “ಒಳಗೆ ಲೈಟ್ ಉರೀತಿತ್ತು. ನಾನು ತಟ್ಟಿದ ಮೇಲೆ ಆರಿತು.”

ಅಷ್ಟೇ ಅಕ್ಕ. ಅಪ್ಪನ ಕೈಯ ಕೆಳಗಿನಿಂದ ನುಸುಳಿ ನಾನು ಓಡಿದೆ. ಏಣಿ ಹತ್ತಿ, ಪೈಪಿನೊಳಗೆ ಮೊಣಕೈವರೆಗೆ ಕೈ ಹಾಕಿ ಕೊಳೆತ ಎಲೆ ತೆಗೆದೆ. ನೀರು ಗಳಗಳ ಇಳಿಯಿತು. ಬೇಕೆಂದೇ ನಿಧಾನ ಮಾಡಿದೆ, ತಾರಸಿಯ ಮೂಲೆ ಮೂಲೆ ಗುಡಿಸಿದೆ. ಇಳಿದು ಬರಲು ಹೆದರಿಕೆಯಾಗುತ್ತಿತ್ತು. ಮೇಲಿಂದ ನಮ್ಮ ಮನೆಯ ಬಾಗಿಲು ಕಾಣುತ್ತಿತ್ತು.

ಇಬ್ಬರೂ ಹಾಗೆಯೇ ನಿಂತಿದ್ದರು. ಅವರು ಹೊರಗೆ, ಇವರು ಒಳಗೆ. ಮಾಮಿ ಕೊಡೆಯನ್ನು ಯಾವಾಗಲೋ ಮಡಚಿ ಗೋಡೆಗೆ ಒರಗಿಸಿದ್ದರು. ಬಾಗಿಲು ಪೂರ್ತಿ ತೆರೆದಿತ್ತು, ಗಾಳಿಗೆ ಮಳೆಯ ಎರಚಲು ನೇರ ಒಳಗೆ ಹೊಡೆಯುತ್ತಿತ್ತು. ನೆಲದ ಮೇಲೆ ಒಂದು ಹನಿ ಬಿದ್ದರೂ ಸಹಿಸದ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮುಚ್ಚಲು ಬರಲಿಲ್ಲ.

ನಿನ್ನ ತಮ್ಮ,
ಅಕ್ಷಿತ್